ವಪೆ ಅಲುಗುತ್ತಿಲ್ಲ ಎಂದು ಬರೆಯುವ ಮುನ್ನ: ನವಜಾತ ಶಿಶುವಿನ ಅಲ್ಟ್ರಾಸೌಂಡ್‌ನಲ್ಲಿ ದೋಷ ಹುಡುಕುವ ಬಗೆ

ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ (ಎನ್‌ಐಸಿಯು) ವಪೆಯ ಈ ಅಲ್ಟ್ರಾಸೌಂಡ್ ಪರೀಕ್ಷೆಗೆ ಕರೆ ಬರುವುದು ಹೆಚ್ಚಾಗಿ ಎರಡು ಸಂದರ್ಭಗಳಲ್ಲಿ. ವೆಂಟಿಲೇಟರ್‌ನಿಂದ ಬಿಡಿಸಿದ ಮಗು ಎರಡನೇ ಸಲವೂ ಏದುಸಿರು ಬಿಡುತ್ತಾ ಮತ್ತೆ ಉಸಿರುನಾಳದ ಟ್ಯೂಬಿಗೆ ಮರಳಿದಾಗ ಒಂದು. ಎಕ್ಸ್‌ರೇಯಲ್ಲಿ ವಪೆಯ ಒಂದು ಕಡೆ ಮೇಲೇರಿ ಕೂತದ್ದು ಕಂಡಾಗ ಇನ್ನೊಂದು. ವಪೆ ಎಂದರೆ ವಾರ್ಡಿನಲ್ಲಿ ನಾವು ದಿನವೂ ಡಯಾಫ್ರಮ್ ಎನ್ನುವ ಸ್ನಾಯುವೇ. ಬಲಗಡೆಯ ಗುಮ್ಮಟ ಸಹಜವಾಗಿಯೇ ತುಸು ಮೇಲಿರುತ್ತದೆ. ಅದು ಎಡಕ್ಕಿಂತ ಎರಡು ಪಕ್ಕೆಲುಬಿನಷ್ಟು ಮೇಲಿದ್ದರೆ, ಇಲ್ಲವೇ ಎಡಗಡೆಯದು ಬಲಕ್ಕಿಂತ ಒಂದು ಪಕ್ಕೆಲುಬಿನಷ್ಟು ಮೇಲಿದ್ದರೆ ಅನುಮಾನ ಪಡಬೇಕು.

ದೊಡ್ಡವರಿಗೆ ಒಂದು ಕಡೆಯ ವಪೆ ಸೋತರೆ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಕೂಸಿಗೆ ಹಾಗಲ್ಲ. ಪಕ್ಕೆಲುಬುಗಳು ಅಡ್ಡಡ್ಡಲಾಗಿವೆ, ಎದೆಗೂಡು ಮೆತ್ತಗಿದೆ, ಪಕ್ಕೆಲುಬುಗಳ ನಡುವಿನ ಸ್ನಾಯುಗಳಿಗೆ ಬಲ ಸಾಲದು. ಹಾಗಾಗಿ ಉಸಿರಾಟದ ಭಾರವೆಲ್ಲ ವಪೆಯ ಮೇಲೆಯೇ. ಆ ವಪೆಯಲ್ಲಿ ಬೇಗ ದಣಿಯದ ಎಳೆಗಳು ದೊಡ್ಡವರಲ್ಲಿ ಅರ್ಧದಷ್ಟಿದ್ದರೆ ದಿನ ತುಂಬಿದ ಮಗುವಿನಲ್ಲಿ ಸುಮಾರು ಶೇ. 25, ದಿನ ತುಂಬದ ಮಗುವಿನಲ್ಲಿ ಶೇ. 10ರ ಆಸುಪಾಸು ಮಾತ್ರ. ಆದ್ದರಿಂದ ಇಲ್ಲಿ ತಪ್ಪಾಗಿ ಓದಿದ ಚಿತ್ರದ ಬೆಲೆಯನ್ನು ಮಗು ತೆರಬೇಕಾಗುತ್ತದೆ. ತಪ್ಪು ಎರಡೂ ದಿಕ್ಕಿನಲ್ಲಾಗುತ್ತದೆ: ಸರಿಯಿರುವ ವಪೆಯನ್ನು ಸೋತಿದೆ ಎನ್ನುವುದು, ಸೋತದ್ದನ್ನು ಸರಿಯಿದೆ ಎನ್ನುವುದು. ವೆಂಟಿಲೇಟರ್ ಮೇಲಿರುವ ಮಗುವಿನಲ್ಲಿ ಎರಡನೆಯದೇ ಹೆಚ್ಚು. ನರವನ್ನು ದೂರುವ ಮೊದಲು ವೆಂಟಿಲೇಟರ್, ಔಷಧ, ಹೊಟ್ಟೆಯ ಗಾಳಿ, ಕರ್ಸರಿನ (ಪರದೆಯ ಮೇಲಿನ ಅಳತೆಗೆರೆಯ) ಓರೆ ಈ ನಾಲ್ಕನ್ನೂ ಒಂದೊಂದಾಗಿ ಬದಿಗೆ ಸರಿಸಿಕೊಳ್ಳಿ.

ಮೊದಲು ಮಗುವನ್ನು ನೋಡಿ

ವಪೆಗೆ ಹೋಗುವ ಫ್ರೆನಿಕ್ ನರ ಹೊರಡುವುದು ಕತ್ತಿನ 3, 4 ಮತ್ತು 5ನೇ ನರಬೇರುಗಳಿಂದ. ತೋಳಿನ ನರಗಳ ಜಾಲ ಶುರುವಾಗುವುದು 5ನೇ ಬೇರಿನಿಂದ. ಹೆರಿಗೆಯಲ್ಲಿ ಭುಜ ಸಿಕ್ಕಿಕೊಂಡು ಕತ್ತು ಎಳೆದಾಗ, ಇಲ್ಲವೇ ಕಾಲು ಮುಂದಾಗಿ ಬಂದ ಮಗುವಿನ ತಲೆ ಬಿಡಿಸುವಾಗ ಎರಡಕ್ಕೂ ಒಟ್ಟಿಗೆ ಪೆಟ್ಟು ಬೀಳಬಹುದು. ಬಟ್ಟೆ ಬಿಚ್ಚಿ ಎರಡೂ ತೋಳುಗಳನ್ನು ನೋಡಿ. ಒಂದು ತೋಳು ಮೈಗೆ ಅಂಟಿಕೊಂಡು ಒಳಕ್ಕೆ ತಿರುಗಿದ್ದು, ಬೆಚ್ಚಿದಾಗ ಮೇಲೇಳದಿದ್ದರೆ ಅದೇ ಕಡೆಯ ವಪೆಯ ಬಗ್ಗೆ ಅನುಮಾನ ಗಟ್ಟಿಯಾಗುತ್ತದೆ.

ಆಮೇಲೆ ಒಂದು ನಿಮಿಷ ಹೊಕ್ಕುಳನ್ನೇ ನೋಡುತ್ತಾ ನಿಲ್ಲಿ. ಮಗು ತಾನಾಗಿ ಉಸಿರು ಎಳೆದಾಗ ಸಹಜವಾಗಿ ಹೊಕ್ಕುಳು ನೇರವಾಗಿ ಉಬ್ಬುತ್ತದೆ. ಒಂದು ಕಡೆ ಸೋತಿದ್ದರೆ ಹೊಕ್ಕುಳು ಆ ಕಡೆಗೆ, ತುಸು ಮೇಲಕ್ಕೆ ಜಾರಿ, ಉಸಿರು ಬಿಟ್ಟಾಗ ಮರಳುತ್ತದೆ. ಈ ಗುರುತು ಎಲ್ಲ ಮಕ್ಕಳಲ್ಲೂ ಸಿಗುವುದಿಲ್ಲ, ಆದರೆ ಸಿಕ್ಕಾಗ ಯಾವ ಕಡೆಯನ್ನು ಜಾಗ್ರತೆಯಿಂದ ನೋಡಬೇಕು ಎನ್ನುವುದು ಯಂತ್ರ ಹಚ್ಚುವ ಮೊದಲೇ ತಿಳಿದಿರುತ್ತದೆ.

ಚಾರ್ಟಿನಲ್ಲಿ ಹುಡುಕಬೇಕಾದವು: ಸ್ನಾಯು ಸಡಿಲಿಸುವ ಔಷಧ ಕೊನೆಯ ಸಲ ಕೊಟ್ಟ ಹೊತ್ತು, ನೋವು ತಗ್ಗಿಸುವ ಫೆಂಟನಿಲ್ ಅಥವಾ ಮಾರ್ಫಿನ್ ಹನಿ ಓಡುತ್ತಿದೆಯೇ, ಉಸಿರಾಟ ಚುರುಕುಗೊಳಿಸುವ ಕೆಫೀನ್ ಕೊಟ್ಟು ಎಷ್ಟು ಹೊತ್ತಾಯಿತು, ಹೆರಿಗೆಗೆ ಮುನ್ನ ತಾಯಿಗೆ ಮೆಗ್ನೀಸಿಯಂ ಸಲ್ಫೇಟ್ ಕೊಟ್ಟಿದ್ದರೇ, ಹೃದಯದ ಅಥವಾ ಎದೆಯ ಶಸ್ತ್ರಚಿಕಿತ್ಸೆ ಆಗಿದೆಯೇ, ಎದೆಗೆ ಡ್ರೇನ್ ಹಾಕಿದ್ದಾರೆಯೇ.

ಯಂತ್ರ ಮತ್ತು ಕೈ

ಚಲನೆ ನೋಡಲು 5ರಿಂದ 8 ಮೆಗಾಹರ್ಟ್ಜ್‌ನ ಮೈಕ್ರೋಕಾನ್ವೆಕ್ಸ್ (ಚಿಕ್ಕ ಬಾಗುಮುಖದ) ಅಥವಾ ನವಜಾತ ಶಿಶುವಿನ ಹೃದಯಕ್ಕೆ ಬಳಸುವ ಸೆಕ್ಟರ್ ಪ್ರೋಬ್ (ಮೈಗೆ ಹಚ್ಚುವ ಹಿಡಿ) ಸಾಕು. ಆಳ 4ರಿಂದ 6 ಸೆಂ.ಮೀ. ದಪ್ಪ ಅಳೆಯಲು ಮಾತ್ರ 10 ಮೆಗಾಹರ್ಟ್ಜ್‌ಗೆ ಕಡಿಮೆಯಿಲ್ಲದ ಲೀನಿಯರ್ (ನೇರಮುಖದ) ಪ್ರೋಬ್ ಬೇಕು, ಇದ್ದರೆ 15. ಆಳ 2ರಿಂದ 3 ಸೆಂ.ಮೀ. ಫೋಕಸ್ ವಪೆಯ ಮಟ್ಟದಲ್ಲಿರಲಿ. ಪರ್ಸಿಸ್ಟೆನ್ಸ್ ಮತ್ತು ಕಾಂಪೌಂಡಿಂಗ್ ಎರಡನ್ನೂ ಆರಿಸಿ ಅಥವಾ ಕಡಿಮೆ ಮಾಡಿ. ಅವು ಹಿಂದಿನ ಚಿತ್ರಗಳನ್ನು ಬೆರೆಸಿ ನುಣುಪು ತರುತ್ತವೆ. ಅಲುಗುವ ತೆಳು ಸ್ನಾಯುವಿನ ಅಂಚು ಆ ನುಣುಪಿನಲ್ಲೇ ಕರಗಿಹೋಗುತ್ತದೆ.

ಜೆಲ್ ಬೆಚ್ಚಗಿರಲಿ, ಸಾಧ್ಯವಿದ್ದಷ್ಟೂ ಒಂದೇ ಬಳಕೆಯ ಸ್ಟೆರೈಲ್ ಪೊಟ್ಟಣದ್ದಾಗಿರಲಿ. ಮತ್ತೆ ಮತ್ತೆ ತುಂಬಿಸುವ ಬಾಟಲಿಯ ಜೆಲ್‌ನಿಂದ ಬರ್ಕೋಲ್ಡೇರಿಯಾ ಬ್ಯಾಕ್ಟೀರಿಯಾದ ಸೋಂಕು ವಾರ್ಡಿನಲ್ಲಿ ಹರಡಿದ ಉದಾಹರಣೆಗಳಿವೆ. ಇನ್‌ಕ್ಯುಬೇಟರ್ ಕಿಟಕಿಯೊಳಗಿಂದಲೇ ಕೆಲಸ ಮಾಡಿ, 10 ನಿಮಿಷದೊಳಗೆ ಮುಗಿಸಿ. ಮಣಿಕಟ್ಟು ಹಾಸಿಗೆಗೆ ಊರಿರಬೇಕು. ಪ್ರೋಬ್ ಹೊಟ್ಟೆಯ ಜೊತೆ ಏರಿಳಿದರೆ ಅಳತೆಯಲ್ಲಿ ನಿಮ್ಮ ಕೈಯ ಚಲನೆಯೂ ಸೇರುತ್ತದೆ. ಬಿಗಿಯಾಗಿ ಒತ್ತಿದರೆ ವಪೆ ಇಳಿಯಲು ಜಾಗವೇ ಇರದು, ಒಂದು ಕೆ.ಜಿ.ಗಿಂತ ಕಡಿಮೆ ತೂಕದ ಮಗುವಿಗೆ ಪ್ರೋಬಿನ ಭಾರವೂ ಹೆಚ್ಚೇ.

ನಮ್ಮಲ್ಲಿ ಇನ್ನೊಂದು ಮಾತು ನೆನಪಿರಲಿ. ನೋಡುವುದು ಹುಟ್ಟಿದ ಮಗುವನ್ನೇ ಆದರೂ ಯಂತ್ರ ಭ್ರೂಣಲಿಂಗ ಪತ್ತೆಯನ್ನು ತಡೆಯುವ ಪಿಸಿಪಿಎನ್‌ಡಿಟಿ ಕಾಯ್ದೆಯಡಿ ನೋಂದಣಿಯಾಗಿರಬೇಕು. ಪಕ್ಕದ ಆಸ್ಪತ್ರೆಯಿಂದ ಪೋರ್ಟಬಲ್ ಯಂತ್ರ ತರಿಸಿಕೊಂಡು ನೋಡಿಬಿಡೋಣ ಎನ್ನುವ ಹಾಗಿಲ್ಲ.

ಮೊದಲ ಚಿತ್ರ ಯಾವಾಗಲೂ ಎದೆಮೂಳೆಯ ಕೆಳತುದಿಯಿಂದ ತೆಗೆಯಿರಿ. ಪ್ರೋಬನ್ನು ಅಡ್ಡಲಾಗಿಟ್ಟು ಕಿರಣ ಭುಜಗಳತ್ತ ಏರುವಂತೆ ಬಾಗಿಸಿದರೆ ಎರಡೂ ಗುಮ್ಮಟಗಳು ಒಂದೇ ಚಿತ್ರದಲ್ಲಿ ಬರುತ್ತವೆ. ಒಂದೇ ಉಸಿರಿನಲ್ಲಿ ಎಡ, ಬಲ ಎರಡನ್ನೂ ಹೋಲಿಸಲು ಇದಕ್ಕಿಂತ ಒಳ್ಳೆಯ ನೋಟ ಇಲ್ಲ. 10 ಸೆಕೆಂಡಿನ ವಿಡಿಯೋ ಉಳಿಸಿ, ಆಮೇಲೆ ಅಳತೆಗೆ ಹೋಗಿ. ಎಷ್ಟೋ ಸಲ ಉತ್ತರ ಈ ಮೊದಲ ವಿಡಿಯೋದಲ್ಲೇ ಸಿಕ್ಕಿರುತ್ತದೆ.

ಎರಡೂ ಕಡೆ ಚೆನ್ನಾಗಿ ಅಲುಗುತ್ತಿದೆ, ಆದರೆ ಮಗು ಟ್ಯೂಬ್ ಬಿಡುತ್ತಿಲ್ಲ

ಇದು ಅತಿ ದುಬಾರಿಯಾದ ತಪ್ಪು. ಪಕ್ಕೆಲುಬಿನ ಅಂಚಿನ ಕೆಳಗಿನಿಂದ ನೋಡುವಾಗ ಮಗು ತಾನಾಗಿ ಉಸಿರು ಎಳೆದರೆ ವಪೆ ಪ್ರೋಬಿನತ್ತ ಬರುತ್ತದೆ, ಎಂ-ಮೋಡ್ (ಕರ್ಸರಿನ ಮೇಲಿನ ಚಲನೆಯನ್ನು ಕಾಲಕ್ಕೆ ತಕ್ಕಂತೆ ಬಿಡಿಸುವ ನೋಟ) ಗೆರೆ ಮೇಲೇರುತ್ತದೆ. ವೆಂಟಿಲೇಟರ್ ಗಾಳಿ ತಳ್ಳಿದಾಗಲೂ ವಪೆ ಪ್ರೋಬಿನತ್ತಲೇ ಬರುತ್ತದೆ. ಸತ್ತಂತಿರುವ ವಪೆಯನ್ನೂ ಗಾಳಿ ಕೆಳಕ್ಕೆ ಒತ್ತುತ್ತದೆ. ಗೆರೆ ನೋಡಿದರೆ ಸುಂದರವಾಗಿಯೇ ಇರುತ್ತದೆ. ಎಕ್ಸ್‌ರೇಯಲ್ಲಿ ಗುಮ್ಮಟ ಸರಿಯಾದ ಜಾಗದಲ್ಲಿ ಕಾಣುವುದೂ ಇದೇ ಕಾರಣಕ್ಕೆ.

ಬೇಕಿರುವುದು ಮಗುವಿನದೇ ಉಸಿರು. ಚಿಕಿತ್ಸೆ ನೀಡುತ್ತಿರುವ ವೈದ್ಯರು ಹಾಸಿಗೆಯ ಪಕ್ಕದಲ್ಲಿದ್ದು ಒಪ್ಪಿದರೆ ಮಾತ್ರ ಹೀಗೆ ಮಾಡಿ:

1. ಪ್ರೋಬ್ ಮೊದಲೇ ಜಾಗದಲ್ಲಿರಲಿ, ಚಿತ್ರ ಸ್ಪಷ್ಟವಾಗಿರಲಿ, ಎಂ-ಮೋಡ್ ಕರ್ಸರ್ ಕೂತಿರಲಿ. ಬೆಂಬಲ ಇಳಿಸಿದ ಮೇಲೆ ಚಿತ್ರ ಹುಡುಕುತ್ತಾ ಕೂರಬಾರದು.
2. ಟ್ಯೂಬಿನಲ್ಲೇ ಸಿಪ್ಯಾಪ್‌ಗೆ (ಉಸಿರು ಮಗುವಿನದೇ, ಯಂತ್ರ ಎಡೆಬಿಡದ ಸಮ ಒತ್ತಡ ಮಾತ್ರ ಕೊಡುವ ಬಗೆ) ಬದಲಿಸಿ, 5 ಸೆಂ.ಮೀ. ನೀರಿನ ಒತ್ತಡ.
3. 10ರಿಂದ 15 ಸೆಕೆಂಡ್ ರೆಕಾರ್ಡ್ ಮಾಡಿ. ನಿಮಿಷಕ್ಕೆ 50ರ ಲೆಕ್ಕದಲ್ಲಿ 8ರಿಂದ 12 ಉಸಿರು ಸಿಗುತ್ತವೆ, ಸಾಕು.
4. ಹೃದಯಬಡಿತ 100ಕ್ಕಿಂತ ಕೆಳಗಿಳಿದರೆ ಅಥವಾ ಆಮ್ಲಜನಕದ ಮಟ್ಟ ಗುರಿಗಿಂತ ಕುಸಿದರೆ ಅಲ್ಲೇ ನಿಲ್ಲಿಸಿ, ಹಿಂದಿನ ಸೆಟ್ಟಿಂಗ್‌ಗೆ ಮರಳಿ.

ಇಲ್ಲೂ ಎರಡು ಕಡೆ ಮೋಸಹೋಗಬಹುದು. ಉಸಿರು ನಿಂತರೆ ಯಂತ್ರವೇ ಕೊಡುವ ಬ್ಯಾಕಪ್ ಉಸಿರು ನಡುವೆ ಬಂದು ಸಹಜ ಚಲನೆಯಂತೆ ದಾಖಲಾಗಬಹುದು. ಬೆಂಬಲ ಇಳಿಸದೆ, ಸಿಂಕ್ರೊನೈಸ್ಡ್ (ಮಗುವಿನ ಉಸಿರಿಗೆ ಹೊಂದಿಸಿ ಗಾಳಿ ತಳ್ಳುವ) ಮೋಡ್‌ನಲ್ಲೇ ಮಗುವಿನ ಸ್ವಂತ ಉಸಿರಿಗಾಗಿ ಕಾಯುತ್ತಿದ್ದರೆ, ಪೈಪಿನಲ್ಲಿ ನೀರು ನಿಂತಾಗ ಅದರ ಅಲುಗಾಟವನ್ನೇ ಯಂತ್ರ ಮಗುವಿನ ಪ್ರಯತ್ನ ಎಂದು ಬಗೆದು ಗಾಳಿ ತಳ್ಳುತ್ತದೆ. ನೀರು ಮೊದಲೇ ಬಸಿದುಕೊಳ್ಳಿ. ವೆಂಟಿಲೇಟರಿನ ಒತ್ತಡದ ಗೆರೆ ಮತ್ತು ಎಂ-ಮೋಡ್ ಗೆರೆಯನ್ನು ಅಕ್ಕಪಕ್ಕ ನೋಡಿ: ಒತ್ತಡ ಏರುವುದಕ್ಕಿಂತ ಮುಂಚೆ ವಪೆ ಹೊರಟಿದ್ದರೆ ಅದು ಮಗುವಿನ ಉಸಿರು, ಒತ್ತಡದ ಹಿಂದೆಯೇ ಹೊರಟರೆ ಯಂತ್ರದ್ದು.

ಮೂಗಿನ ಸಿಪ್ಯಾಪ್ ಕೂಡ ಸೋತ ಗುಮ್ಮಟವನ್ನು ಕೆಳಗೇ ಹಿಡಿದಿಟ್ಟು ವಿರುದ್ಧ ಚಲನೆಯನ್ನು ಅಡಗಿಸಬಲ್ಲದು. ಅತಿ ವೇಗದ ಸಣ್ಣ ಕಂಪನಗಳಿಂದ ಗಾಳಿ ಕೊಡುವ ಎಚ್‌ಎಫ್‌ಓ ಓಡುತ್ತಿರುವಾಗ ಈ ಪರೀಕ್ಷೆಗೆ ಅರ್ಥವಿಲ್ಲ, ಕಾಯಿರಿ.

ಒಂದು ಕಡೆಯ ಗೆರೆ ಚಪ್ಪಟೆ, ಅಥವಾ ಕೆಳಮುಖ

ಮೊದಲು ಕರ್ಸರ್ ಎಲ್ಲಿದೆ ನೋಡಿ. ಅಂಗಾತ ಮಲಗಿ ತಾನಾಗಿ ಉಸಿರಾಡುವ ಮಗುವಿನಲ್ಲಿ ಹೆಚ್ಚು ಚಲಿಸುವುದು ವಪೆಯ ಹಿಂಭಾಗ. ಯಂತ್ರ ಗಾಳಿ ತಳ್ಳುವಾಗ ಹೆಚ್ಚು ಇಳಿಯುವುದು ಮುಂಭಾಗ. ಒಂದು ಕಡೆ ಮುಂಭಾಗಕ್ಕೆ, ಇನ್ನೊಂದು ಕಡೆ ಹಿಂಭಾಗಕ್ಕೆ ಕರ್ಸರ್ ಇಟ್ಟು ಎರಡನ್ನೂ ಹೋಲಿಸಿದರೆ ಇಲ್ಲದ ವ್ಯತ್ಯಾಸ ಹುಟ್ಟುತ್ತದೆ. ಎರಡೂ ಕಡೆ ಹಿಂಭಾಗದ ಮೂರನೇ ಒಂದು ಪಾಲಿನಲ್ಲೇ ಅಳೆಯಿರಿ.

ಆಮೇಲೆ ಕೋನ. ಕರ್ಸರ್ ವಪೆಗೆ ಲಂಬವಾಗಿರಬೇಕು. ಓರೆಯಾದರೆ ಅಳತೆ ಕಡಿಮೆ ಬರುತ್ತದೆ ಎಂದು ಹಲವರು ತಿಳಿದಿದ್ದಾರೆ. ರಕ್ತದ ಹರಿವಿನ ವೇಗ ಅಳೆಯುವ ಡಾಪ್ಲರ್‌ನಲ್ಲಿ ಹಾಗಾಗುತ್ತದೆ, ಇಲ್ಲಿ ಸಾಮಾನ್ಯವಾಗಿ ಆಗುವುದು ಅದರ ತಿರುವುಮುರುವು: ಓರೆಗೆರೆ ವಪೆಯನ್ನು ದಾಟುವ ಬಿಂದು ಹೆಚ್ಚು ದೂರ ಸರಿಯುತ್ತದೆ. ಲಂಬದಿಂದ 30 ಡಿಗ್ರಿ ವಾಲಿದರೆ ಶೇ. 15ರಷ್ಟು ಹೆಚ್ಚು, 45 ಡಿಗ್ರಿ ವಾಲಿದರೆ 4 ಮಿ.ಮೀ. ಚಲನೆ ಸುಮಾರು 5.7 ಮಿ.ಮೀ. ಆಗಿ ಕಾಣುತ್ತದೆ. ಸೋತ ಕಡೆ ಪಾಸಾಗಿಬಿಡಲು ಇಷ್ಟು ಸಾಕು.

ಎರಡೂ ಸರಿಯಿದ್ದ ಮೇಲೂ ಒಂದು ಕಡೆ ಚಪ್ಪಟೆಯೇ ಇದ್ದರೆ ಮಗುವಿನ ಅಂಗಾಲನ್ನು ಮೆಲ್ಲಗೆ ತಟ್ಟಿ ಒಂದೆರಡು ಆಳವಾದ ಉಸಿರು ತೆಗೆಸಿ. ಬರೀ ಮಂದವಾಗಿದ್ದ ವಪೆ ಆಗ ಚುರುಕಾಗುತ್ತದೆ. ನಿಜವಾಗಿ ಸೋತದ್ದು ಬಲವಾದ ಉಸಿರಿನಲ್ಲಿ ಎದೆಯೊಳಕ್ಕೆ ಸೆಳೆಯಲ್ಪಟ್ಟು ಪ್ರೋಬಿನಿಂದ ದೂರ ಹೋಗುತ್ತದೆ: ಒಂದು ಕಡೆ ಗೆರೆ ಏರುವ ಕ್ಷಣದಲ್ಲೇ ಇನ್ನೊಂದು ಕಡೆ ಇಳಿಯುತ್ತದೆ, ಎರಡರ ನಡುವೆ ಹೃದಯ ಒಳ್ಳೆಯ ಕಡೆಗೆ ವಾಲುತ್ತದೆ. ಎದೆಮೂಳೆ ಕೆಳಗಿನ ಅಡ್ಡನೋಟದಲ್ಲಿ ಇದನ್ನು ನೋಡಿದರೆ ಏತ ತುಳಿದಂತೆ ಕಾಣುತ್ತದೆ.

ಬಹುಕಾಲದಿಂದ ಬಳಕೆಯಲ್ಲಿರುವ ಮಾನದಂಡ ಇದು: ಚಲನೆ 4 ಮಿ.ಮೀ.ಗಿಂತ ಹೆಚ್ಚು, ಎರಡು ಕಡೆಗಳ ನಡುವಿನ ವ್ಯತ್ಯಾಸ ಅರ್ಧಕ್ಕಿಂತ ಕಡಿಮೆ ಇದ್ದರೆ ಸಹಜ, 4 ಮಿ.ಮೀ. ಅಥವಾ ಅದಕ್ಕೂ ಕಡಿಮೆ, ಇಲ್ಲವೇ ವ್ಯತ್ಯಾಸ ಅರ್ಧಕ್ಕಿಂತ ಹೆಚ್ಚು ಇದ್ದರೆ ಕುಂಠಿತ. ಚಪ್ಪಟೆ ಅಥವಾ ವಿರುದ್ಧ ಚಲನೆ ಇದ್ದರೆ ಸೋಲು. ಇದರಲ್ಲಿ 4 ಮಿ.ಮೀ. ಎಂಬುದನ್ನು 900 ಗ್ರಾಂ ತೂಕದ ಮಗುವಿಗೆ ಹಾಗೇ ಹಚ್ಚುವುದು ನಮಗೆ ಸರಿಯೆನಿಸುವುದಿಲ್ಲ. ಅಷ್ಟು ಚಿಕ್ಕ ಎದೆಯಲ್ಲಿ ಸಹಜ ಉಸಿರಿಗೆ ಅಷ್ಟು ದೂರ ಇಳಿಯುವ ಅಗತ್ಯವೇ ಇಲ್ಲದಿರಬಹುದು. ಅಂಥಲ್ಲಿ ಎಡ–ಬಲ ಹೋಲಿಕೆಯನ್ನೇ ನಂಬಿ.

ಎಂ-ಮೋಡ್ ಓಟದ ವೇಗ 25 ಅಥವಾ 50 ಮಿ.ಮೀ. ಇರಲಿ, ಸೆಕೆಂಡಿಗೆ. ದೊಡ್ಡವರಿಗೆ ಇಡುವ ನಿಧಾನ ವೇಗದಲ್ಲಿ ಮಗುವಿನ ಉಸಿರುಗಳು ಒಂದಕ್ಕೊಂದು ಒತ್ತಿಕೊಂಡು ಗರಗಸದಂತಾಗುತ್ತವೆ. ಒಂದೇ ಸಮನಾದ 3ರಿಂದ 5 ಉಸಿರುಗಳ ಸರಾಸರಿ ತೆಗೆಯಿರಿ. ಅಳುವಾಗಿನ ಉಸಿರು, ಉಸಿರು ನಿಂತ ಕೂಡಲೇ ಬರುವ ದೊಡ್ಡ ನಿಟ್ಟುಸಿರು ಲೆಕ್ಕಕ್ಕೆ ಬೇಡ.

ಎಡಗಡೆ ಏನೂ ಕಾಣುವುದಿಲ್ಲ

ಬಲಕ್ಕೆ ಯಕೃತ್ತು ಕಿಟಕಿಯಾಗುತ್ತದೆ. ಎಡಕ್ಕೆ ಜಠರದ ಗಾಳಿ ಅಡ್ಡ. ಸಿಪ್ಯಾಪ್ ಮೇಲಿರುವ ಮಗುವಿನ ಹೊಟ್ಟೆಯಂತೂ ಗಾಳಿ ತುಂಬಿದ ಚೆಂಡು. ಬಾಯಿಯ ಮೂಲಕ ಹಾಕಿದ ನಳಿಗೆಯಿಂದ ಗಾಳಿ ಎಳೆದು ಎರಡು ನಿಮಿಷ ಬಿಡಿ. ಹಾಲು ಕೊಡುವ ಮುನ್ನ ನೋಡುವುದು ಒಳ್ಳೆಯದು. ತುಂಬಿದ ಹೊಟ್ಟೆ ಎಡ ಗುಮ್ಮಟವನ್ನೇ ಮೇಲಕ್ಕೆ ತಳ್ಳುತ್ತದೆ. ಆಮೇಲೂ ಕಾಣದಿದ್ದರೆ ಮುಂದಿನಿಂದ ಹಟ ಹಿಡಿಯಬೇಡಿ. ಕಂಕುಳಿನ ಹಿಂಬದಿಯ ಗೆರೆಯಲ್ಲಿ, ಕೊನೆಯ ಪಕ್ಕೆಲುಬುಗಳ ನಡುವೆ ಪ್ರೋಬಿಟ್ಟು ಗುಲ್ಮದ ಮೂಲಕ ನೋಡಿ. ಎಡವನ್ನು ಹೀಗೆ ನೋಡಿದರೆ ಹೋಲಿಕೆಗಾಗಿ ಬಲವನ್ನೂ ಅದೇ ಗೆರೆಯಿಂದ ಇನ್ನೊಮ್ಮೆ ಅಳೆಯಿರಿ.

ಎಡಗಡೆಯ ಗೆರೆಯಲ್ಲಿ ಸಣ್ಣ ಹಲ್ಲುಗಳಂಥ ಅಲೆ ಸದಾ ಇದ್ದರೆ ಅದು ಹೃದಯ. ನಿಮಿಷಕ್ಕೆ 140 ಬಡಿತ, 50 ಉಸಿರು ಎಂದುಕೊಂಡರೆ ಒಂದು ಉಸಿರಿಗೆ ಸುಮಾರು ಮೂರು ಹಲ್ಲು. ಸೋತ ಎಡ ವಪೆಯ ಮೇಲೆ ಈ ಹಲ್ಲುಗಳು ಮಾತ್ರ ಉಳಿದಿರುತ್ತವೆ, ಅವಸರದಲ್ಲಿ ಅದನ್ನೇ ಉಸಿರು ಎಂದು ಎಣಿಸಿಬಿಡುತ್ತಾರೆ. ಮಾನಿಟರಿನ ಬಡಿತದೊಂದಿಗೆ ತಾಳೆ ನೋಡಿ.

ಎರಡೂ ಕಡೆ ಮಂದ

ಇಲ್ಲಿ ನರಕ್ಕಿಂತ ಚಾರ್ಟ್ ಮುಖ್ಯ. ಫೆಂಟನಿಲ್, ಸಡಿಲಿಕೆಯ ಔಷಧ ಪೂರ್ತಿ ಇಳಿಯದಿರುವುದು, ತಾಯಿಯಿಂದ ಬಂದ ಮೆಗ್ನೀಸಿಯಂ ಮೊದಲ ಅನುಮಾನಿತರು. ಒತ್ತಡ ಹೆಚ್ಚಾಗಿ ಶ್ವಾಸಕೋಶ ಉಬ್ಬಿದ್ದರೆ ವಪೆ ಆಗಲೇ ಕೆಳಗೆ ಚಪ್ಪಟೆಯಾಗಿರುತ್ತದೆ. ಇನ್ನೂ ಇಳಿಯಲು ಅದಕ್ಕೆ ಜಾಗವಿಲ್ಲ. ಹೊಟ್ಟೆ ಬಿಗಿದಿದ್ದರೂ ಹಾಗೆಯೇ. ಇವೆಲ್ಲ ಇಲ್ಲದೆ ಮಗು ಒಟ್ಟಾರೆ ಸಡಿಲವಾಗಿದ್ದರೆ ನರ–ಸ್ನಾಯು ರೋಗದ ಹುಡುಕಾಟ ಶುರುವಾಗಬೇಕು. ಒಂದು ಉಪಯುಕ್ತ ಭೇದ: ಬೆನ್ನುಹುರಿಯ ನರಕೋಶಗಳು ಕುಂದುವ ಆನುವಂಶಿಕ ರೋಗ ಎಸ್‌ಎಂಎಯ ಮೊದಲ ಬಗೆಯಲ್ಲಿ ಎದೆಯ ಸ್ನಾಯುಗಳು ಸೋತು ವಪೆ ಬಹುಮಟ್ಟಿಗೆ ಉಳಿದಿರುತ್ತದೆ, ಎದೆ ಗಂಟೆಯಾಕಾರ ತಾಳುತ್ತದೆ, ಮಗು ಹೊಟ್ಟೆಯಿಂದ ಉಸಿರಾಡುತ್ತದೆ. ಸಡಿಲ ಮಗುವಿನಲ್ಲಿ ವಪೆ ಚುರುಕಾಗಿದೆ ಎನ್ನುವುದೂ ಬರೆದಿಡಬೇಕಾದ ಸಂಗತಿಯೇ.

ದಪ್ಪ ಅಳೆದರೆ ಪ್ರತಿ ಸಲ ಬೇರೆ ಸಂಖ್ಯೆ

ಲೀನಿಯರ್ ಪ್ರೋಬನ್ನು ಕಂಕುಳಿನ ಮುಂಬದಿ ಮತ್ತು ನಡುಗೆರೆಗಳ ನಡುವೆ, 8ರಿಂದ 10ನೇ ಪಕ್ಕೆಲುಬುಗಳ ಮಟ್ಟದಲ್ಲಿ ಇಟ್ಟರೆ ಎರಡು ಬಿಳಿ ಗೆರೆಗಳ ನಡುವೆ ಕಪ್ಪು ಪಟ್ಟಿಯಾಗಿ ವಪೆ ಕಾಣುತ್ತದೆ. ಉಸಿರು ಎಳೆದ ತುದಿಯ ದಪ್ಪದಿಂದ ಬಿಟ್ಟ ತುದಿಯ ದಪ್ಪ ಕಳೆದು, ಬಿಟ್ಟ ತುದಿಯ ದಪ್ಪದಿಂದ ಭಾಗಿಸಿ, ನೂರರಿಂದ ಗುಣಿಸಿದರೆ ದಪ್ಪವಾಗುವ ಪ್ರಮಾಣ ಬರುತ್ತದೆ.

ಲೆಕ್ಕ ಸುಲಭ, ಕಷ್ಟ ಇರುವುದು ಅಳತೆಯ ಸೂಕ್ಷ್ಮದಲ್ಲಿ. ಬಿಟ್ಟಾಗ 1.2, ಎಳೆದಾಗ 1.5 ಮಿ.ಮೀ. ಇದ್ದರೆ ಶೇ. 25. ಎರಡೂ ತುದಿಯಲ್ಲಿ ಕ್ಯಾಲಿಪರ್ (ಪರದೆಯ ಮೇಲಿನ ಅಳತೆಯ ಗುರುತು) ಬರೀ 0.1 ಮಿ.ಮೀ. ತಪ್ಪಿ 1.3 ಮತ್ತು 1.4 ಎಂದಾದರೆ ಶೇ. 8ಕ್ಕೂ ಕಡಿಮೆ, ಆ ಕಡೆಗೆ ತಪ್ಪಿ 1.1 ಮತ್ತು 1.6 ಆದರೆ ಶೇ. 45. ಒಂದೇ ಮಗು, ಒಂದೇ ಉಸಿರು. 15 ಮೆಗಾಹರ್ಟ್ಜ್‌ನಲ್ಲಿ ಶಬ್ದದ ಅಲೆಯ ಉದ್ದವೇ ಸುಮಾರು 0.1 ಮಿ.ಮೀ., 5ರಲ್ಲಿ 0.3. ಹಾಗಾಗಿ ಹೃದಯದ ಪ್ರೋಬಿನಿಂದ ದಪ್ಪ ಅಳೆಯುವುದು ಗಜದ ಕೋಲಿನಿಂದ ಕೂದಲು ಅಳೆದಂತೆ. ದೊಡ್ಡವರಿಗೆ ಬಳಸುವ ಶೇ. 20ರ ಗೆರೆಯನ್ನು ನವಜಾತ ಶಿಶುವಿಗೆ ತರಬೇಡಿ. ಈ ಸಂಖ್ಯೆಯೊಂದರ ಮೇಲೆ ಟ್ಯೂಬ್ ತೆಗೆಯುವ ತೀರ್ಮಾನವಂತೂ ಬೇಡ.

ಅಳತೆ ಹದಕ್ಕೆ ಬರಲು: ಚಿತ್ರ ಆದಷ್ಟು ಹಿಗ್ಗಿಸಿ, ಬಿಳಿ ಗೆರೆಗಳನ್ನು ಬಿಟ್ಟು ಒಳ ಅಂಚಿನಿಂದ ಒಳ ಅಂಚಿಗೆ ಅಳೆಯಿರಿ, ಮೇಲಿರುವ ಪಕ್ಕೆಲುಬು ನಡುವಿನ ಸ್ನಾಯುವನ್ನು ವಪೆ ಎಂದು ತಿಳಿಯದಿರಿ. ಉಸಿರು ಎಳೆದಾಗ ಶ್ವಾಸಕೋಶ ಪರದೆಯಂತೆ ಇಳಿದು ವಪೆಯನ್ನು ಮುಚ್ಚಿದರೆ ಒಂದು ಪಕ್ಕೆಲುಬು ಕೆಳಗೆ ಸರಿಯಿರಿ.

ವಪೆಯ ಮೇಲೂ ಯಕೃತ್ತು, ಅಥವಾ ಗೆರೆ ತುಂಡಾಗಿದೆ

ಬಲಗಡೆ ವಪೆಯ ಮೇಲೆ ಯಕೃತ್ತಿನಂಥದೇ ಚಿತ್ರ ಕಂಡರೆ ಗಾಬರಿ ಬೇಡ. ಗಾಳಿ ತುಂಬಿದ ಶ್ವಾಸಕೋಶ ಕನ್ನಡಿಯಂತೆ ಯಕೃತ್ತಿನ ಬಿಂಬ ತೋರಿಸುತ್ತದೆ. ಅದು ಆರೋಗ್ಯದ ಲಕ್ಷಣ. ಬಿಂಬದ ಬದಲು ಕಪ್ಪಗೆ ಕಂಡರೆ ಎದೆಯಲ್ಲಿ ನೀರು. ನೀರು ಬಹಳವಿದ್ದರೆ ಗುಮ್ಮಟವೇ ತಲೆಕೆಳಗಾಗಿ, ಸರಿಯಿರುವ ವಪೆಯೂ ವಿರುದ್ಧ ದಿಕ್ಕಿಗೆ ಚಲಿಸುವಂತೆ ಕಾಣುತ್ತದೆ. ನೀರು ತೆಗೆದ ಮೇಲೆ ಇನ್ನೊಮ್ಮೆ ನೋಡದೆ ಸೋಲು ಎಂದು ಬರೆಯಬಾರದು.

ಗುಮ್ಮಟದ ಒಂದು ತುಂಡು ಮಾತ್ರ ತೆಳ್ಳಗಾಗಿ ಉಬ್ಬಿ, ಉಳಿದ ಭಾಗ ಚೆನ್ನಾಗಿ ಚಲಿಸುತ್ತಿದ್ದರೆ ಅದು ಇವೆಂಟ್ರೇಶನ್ ಇರಬಹುದು. ಬಲಗಡೆ ಮುಂಭಾಗದಲ್ಲಿ ಹೆಚ್ಚು. ಗೆರೆಯೇ ಕಡಿದುಹೋಗಿ, ಎದೆಯೊಳಗೆ ಕರುಳು ತಾನಾಗಿ ಹೊರಳುವುದು ಕಂಡರೆ ಜನ್ಮಜಾತ ಹರ್ನಿಯಾ. ಚೀಲವಿರುವ ಹರ್ನಿಯಾ ಮಾತ್ರ ಇವೆಂಟ್ರೇಶನ್‌ನಂತೆಯೇ ಕಂಡು ಶಸ್ತ್ರಚಿಕಿತ್ಸೆಯ ಟೇಬಲ್ಲಿನವರೆಗೂ ಗೊಂದಲ ಉಳಿಸಬಲ್ಲದು. ಒಂದು ಎಚ್ಚರ: ಕಿರಣ ವಪೆಗೆ ಓರೆಯಾಗಿ ಬಿದ್ದಲ್ಲೂ ಗೆರೆ ಮಾಯವಾಗುತ್ತದೆ. ಪ್ರೋಬಿನ ಕೋನ ಬದಲಿಸಿದಾಗ ಮರಳಿ ಬರುವ ಗೆರೆ ಕಡಿದದ್ದಲ್ಲ.

ಬರೆದಿಡುವುದು, ಮತ್ತೆ ನೋಡುವುದು

ಹೆರಿಗೆಯ ಎಳೆತದಿಂದಾದ ಸೋಲು ಎಷ್ಟೋ ಮಕ್ಕಳಲ್ಲಿ ವಾರಗಳಲ್ಲಿ, ತಿಂಗಳುಗಳಲ್ಲಿ ತಾನೇ ಮರಳುತ್ತದೆ. ಬೆಂಬಲ ಬಿಡಲಾಗದೆ ಉಳಿದವರಿಗೆ ವಪೆಯನ್ನು ನೆರಿಗೆ ಹಿಡಿದು ಹೊಲಿಯುವ ಪ್ಲೈಕೇಶನ್ ಯೋಚನೆಗೆ ಬರುತ್ತದೆ. ಹೃದಯ ಶಸ್ತ್ರಚಿಕಿತ್ಸೆಯ ನಂತರದ ಸೋಲಿನಲ್ಲಿ ಆ ತೀರ್ಮಾನಕ್ಕೆ ಬೇಗ ಬರುವುದುಂಟು. ಎರಡರಲ್ಲೂ ಆಧಾರ ನಿಮ್ಮ ಹಿಂದಿನ ಪರೀಕ್ಷೆಯ ವರದಿ. 'ಬಲ ವಪೆ ಚಲನೆ ಕಡಿಮೆ' ಎಂಬ ಒಂದು ಸಾಲಿನಿಂದ ಮುಂದಿನವರಿಗೆ ಏನೂ ಸಿಗದು. ಹೀಗೆ ಬರೆಯಿರಿ:

'ಅಂಗಾತ, ತಲೆಕಡೆ 30 ಡಿಗ್ರಿ ಎತ್ತರ, ನಿದ್ದೆ. ಟ್ಯೂಬಿನಲ್ಲಿ ಸಿಪ್ಯಾಪ್ 5, 12 ಸೆಕೆಂಡ್. ಫೆಂಟನಿಲ್ ನಿಲ್ಲಿಸಿ 14 ಗಂಟೆ, ಕೆಫೀನ್ ಕೊಟ್ಟು 3 ಗಂಟೆ. ಹಾಲಿಗೆ ಮುನ್ನ, ಜಠರದ ಗಾಳಿ ತೆಗೆದಿದೆ. ಪಕ್ಕೆಲುಬಿನ ಕೆಳಗಿನಿಂದ, ಹಿಂಭಾಗ, 4 ಉಸಿರುಗಳ ಸರಾಸರಿ: ಎಡ 5.8 ಮಿ.ಮೀ. ಪ್ರೋಬಿನತ್ತ, ಬಲ 1.5 ಮಿ.ಮೀ. ಪ್ರೋಬಿನಿಂದ ದೂರ. ನೀರಿಲ್ಲ, ಗೆರೆ ಅಖಂಡ. ವಿಡಿಯೋ ಉಳಿಸಿದೆ.'

ಒಂದೆರಡು ವಾರದ ನಂತರ ಮತ್ತೆ ನೋಡುವಾಗ ಇದೇ ಭಂಗಿ, ಇದೇ ಒತ್ತಡ, ಹಾಲಿಗೆ ಮುನ್ನದ ಇದೇ ಹೊತ್ತು ಇರಲಿ. ಮೊದಲ ಸಲ ಟ್ಯೂಬಿನಲ್ಲಿ 5ರ ಒತ್ತಡದಲ್ಲಿ ಅಳೆದು, ಎರಡನೇ ಸಲ ಮೂಗಿನ 7ರ ಒತ್ತಡದಲ್ಲಿ ಅಳೆದರೆ ಎರಡೂ ಕಡೆ ಚಲನೆ ತಗ್ಗಿರುತ್ತದೆ, ಸೋತ ಕಡೆಯ ವಿರುದ್ಧ ಚಲನೆ ಮರೆಯಾಗಿರುತ್ತದೆ. ಅದನ್ನು ಚೇತರಿಕೆ ಎಂದು ಓದಿ ಸಿಪ್ಯಾಪ್ ತೆಗೆದರೆ ಮಗು ಅದೇ ರಾತ್ರಿ ಟ್ಯೂಬಿಗೆ ಮರಳಬಹುದು.